ನಲವತ್ತೊಂದು ಕಡತಗಳ ಬಂಡೆಪ್ಪನವರು

“ನಾಲ್ಕು ವರ್ಷ ಸರ್ಕಾರದ ತಿಜೋರಿ ಕಾಯ್ದೀನಿ. ಆ ನಾಲ್ಕು ವರ್ಷದಾಗ ನನ್ನ ಪೈಕಿ ಒಂದು ಇರುವಿ ಸೈತ ನನ್ನ ಕೋಣಿ ಹೊಸ್ತಿಲಾ ದಾಟಿಲ್ಲ.”

ಹೈದರಾಬಾದಿನ ತಾರ್ನಾಕದ ಹಾಲಿನ ಬೂತಿನ ಮುಂದೆ ಬಂಡೆಪ್ಪನವರು ಈ ಮಾತನ್ನು ಎಷ್ಟು ಸಲ ಹೇಳಿದ್ದರೆಂದರೆ, ಅವರು ಬರುವುದನ್ನು ಕಂಡರೆ ಹಾಲು ತಾನಾಗಿಯೇ ಹೆಪ್ಪುಗಟ್ಟುತ್ತಿತ್ತು. ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡೇ ಒಮ್ಮೆ ಹೇಳಿದ್ದರು. ಆ ಡಾಕ್ಟರಿಗೆ ತೆಲುಗು ಬಿಟ್ಟು ಬೇರೆ ಬರುತ್ತಿರಲಿಲ್ಲ, ಬಂಡೆಪ್ಪನವರ ಬಾಯಲ್ಲಿ ಹತ್ತಿ ತುರುಕಿತ್ತು. ಆದರೂ ಡಾಕ್ಟರು ತಲೆದೂಗಿ, “ಗ್ರೇಟ್ ಸಾರ್” ಅಂದಿದ್ದರಂತೆ.

ಮಸ್ಕಿಯಿಂದ ಒಂದು ತಗಡಿನ ಟ್ರಂಕು ಮತ್ತು ಬಿ.ಕಾಂ. ಪದವಿ ಹೊತ್ತು ಹೈದರಾಬಾದಿಗೆ ಬಂದಾಗ ಅವರಿಗೆ ಇಪ್ಪತ್ತಮೂರು ವರ್ಷ. ಬ್ಯಾಂಕಿನಲ್ಲಿ ಗುಮಾಸ್ತರಾದರು, ಆಮೇಲೆ ಅಧಿಕಾರಿಯಾದರು. ಸಹಿ ನೋಡುವುದರಲ್ಲಿ ಅವರನ್ನು ಮೀರಿಸಿದವರಿರಲಿಲ್ಲ. ಕೌಂಟರಿನ ಆಚೆ ನಿಂತವನು ಕೆಮ್ಮಿದರೆ ಸಾಕು, ತಲೆ ಎತ್ತದೆಯೇ “ಇವನ ಚೆಕ್ಕು ವಾಪಸ್” ಅನ್ನುತ್ತಿದ್ದರು. ಖೋಟಾ ಸಹಿ ಹಾಕುವ ಒಬ್ಬ ಮಹಾಶಯ ಇವರು ಬೇರೆ ಶಾಖೆಗೆ ವರ್ಗವಾದ ದಿನ ಗಲ್ಲಿಗೆಲ್ಲ ಜಿಲೇಬಿ ಹಂಚಿದನೆಂಬ ಸುದ್ದಿಯೂ ಉಂಟು.

ಊರಲ್ಲಿ ತಾಯಿ ತೀರಿಕೊಂಡಾಗ ಹದಿನೈದು ವರ್ಷದ ತಂಗಿ ಗುರುಬಾಯಿಯನ್ನು ಬಂಡೆಪ್ಪನವರು ತಮ್ಮ ಹತ್ತಿರ ಕರೆತಂದರು. ಹತ್ತನೇ ತರಗತಿ ಓದಿಸಿದರು. ತಾವೇ ಮುಂದೆ ನಿಂತು, ಸರ್ಕಾರಿ ಐಟಿಐಯಲ್ಲಿ ಹುಡುಗರಿಗೆ ಲೇಥ್ ಕಲಿಸುತ್ತಿದ್ದ ಮಲ್ಲಪ್ಪನಿಗೆ ಮದುವೆ ಮಾಡಿಕೊಟ್ಟರು. ಗಂಡ ಹೆಂಡತಿ ಜೀಡಿಮೆಟ್ಲಾದಲ್ಲಿ ಮನೆ ಮಾಡಿದರು. ಅಲ್ಲಿಯ ಗಾಳಿಯಲ್ಲಿ ಔಷಧಿ ಕಾರ್ಖಾನೆಗಳ ವಾಸನೆ. “ನಮ್ಮ ಕಡೆ ಯಾರಿಗೂ ನೆಗಡಿ ಬರೂದಿಲ್ಲರಿ ಮಾವಾರ, ನೆಗಡಿನ ತಲಿಸುತ್ತು ಬಂದು ಬೀಳತೈತಿ” ಎಂದು ಮಲ್ಲಪ್ಪ ನಗಿಸುತ್ತಿದ್ದ.

ಎರಡು ಸಾವಿರದ ಹದಿನಾಲ್ಕರಲ್ಲಿ ಹೊಸ ರಾಜ್ಯವಾಯಿತು. ಹೊಸ ಆಫೀಸುಗಳಿಗೆ ಲೆಕ್ಕ ಬಲ್ಲವರು ಬೇಕಾದರು. ಬ್ಯಾಂಕಿನಿಂದ ಎರವಲು ಹೋದ ಅಧಿಕಾರಿಗಳಲ್ಲಿ ಬಂಡೆಪ್ಪನವರೂ ಒಬ್ಬರು. ಅವರು ಕೂತದ್ದು ವೆಚ್ಚ ತಪಾಸಣಾ ಕೋಶ ಎಂಬ ಪುಟ್ಟ ಕೋಣೆಯಲ್ಲಿ. ಯಾವುದೇ ಇಲಾಖೆಯಲ್ಲಿ ಯಾರಿಗಾದರೂ ಮಿತಿಗಿಂತ ಹೆಚ್ಚು ಹಣ ಕೊಡಬೇಕಾದರೆ ಆ ಕಡತ ಈ ಕೋಣೆಗೆ ಬಂದು, ಇವರ ಕೈಯಲ್ಲಿ ಪಾಸಾಗಿ ಹೋಗಬೇಕು.

ಕೆಲಸಕ್ಕೆ ಸೇರುವ ಹಿಂದಿನ ದಿನ ಬಂಡೆಪ್ಪನವರು ಬಳಗವನ್ನೆಲ್ಲ ಕರೆದು ಹೋಳಿಗೆ ಊಟ ಹಾಕಿಸಿದರು. ಎಲ್ಲರ ಎಲೆಗೆ ಎರಡನೆಯ ಹೋಳಿಗೆ ಬಿದ್ದ ಮೇಲೆ ಎದ್ದು ನಿಂತು ಆಜ್ಞೆ ಹೊರಡಿಸಿದರು.

“ನಾಳಿಂದ ನನ್ನ ಆಫೀಸಿನ ಮಾತು ನನ್ನ ಮುಂದ ಯಾರೂ ತಗೀಬಾರದು. ಆಫೀಸಿಗಂತೂ ಬರೂದ ಬ್ಯಾಡ. ನಮ್ಮವರ ಕಡತ ನನ್ನ ಮೇಜಿಗೆ ಬಂದೈತಿ ಅಂತ ಯಾರರ ಬಂದು ಹೇಳಿದ್ರ, ಮೊದಲ ಅದನ್ನ ತಿರಸ್ಕಾರ ಮಾಡಿ ಆಮ್ಯಾಲೆ ಮಾತಾಡತೀನಿ.”

“ಮಾವಾರ,” ಮಲ್ಲಪ್ಪ ತುಪ್ಪ ಬಡಿಸಿಕೊಳ್ಳುತ್ತ ಕೇಳಿದ, “ನಮ್ಮ ಬಸ್ಸು ನಿಮ್ಮ ಆಫೀಸಿನ ಮುಂದ ಸಿಗ್ನಲ್ಲಿಗೆ ನಿಂತರ ಇಳದು ದೂರ ನಿಲ್ಲಬೇಕೋ, ಕಣ್ಣು ಮುಚ್ಚಿಕೊಂಡ್ರ ನಡೀತೈತೋ?”

ಎಲ್ಲರೂ ನಕ್ಕರು. ಬಂಡೆಪ್ಪನವರೂ ನಕ್ಕರು. ಆದರೆ ಆಜ್ಞೆ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅಂದಿನಿಂದ ಅವರು ಎಷ್ಟು ಶುದ್ಧರಾದರೆಂದರೆ, ಅವರ ಕೆಮ್ಮು ಕೂಡ ಅರ್ಧ ದಿನದ ರಜೆ ಹಾಕಿ ಬರುತ್ತಿತ್ತು. ಆಫೀಸಿನ ಚಹಾ ಕುಡಿಯಲಿಲ್ಲ. ಆಫೀಸಿನ ಫ್ಯಾನಿನ ಗಾಳಿಯನ್ನು ಮಾತ್ರ ಅನಿವಾರ್ಯವಾಗಿ ಸೇವಿಸಿದರು, ಅದೂ ಮೂರನೆಯ ನಂಬರಿಗಿಂತ ಜೋರಾಗಿ ಅಲ್ಲ.

ನಾಲ್ಕು ವರ್ಷ ಹೀಗೇ ಕಳೆದು ನಿವೃತ್ತರಾದರು. ಮತ್ತೆ ಏಳು ವರ್ಷದ ಮೇಲೆ, ಅಂದರೆ ಮೊನ್ನೆ ಮೊನ್ನೆ, ನಗರದ ಒಂದು ಕನ್ನಡ ಸಂಘದವರು ಅವರಿಗೆ ಸನ್ಮಾನ ಇಟ್ಟುಕೊಂಡರು.

ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಕಾರ್ಯಕ್ರಮ. ಬಂಡೆಪ್ಪನವರ ಹೆಂಡತಿ ಉಮಾಬಾಯಿ ಮುಂದಿನ ಸಾಲಿನಲ್ಲಿ ಕೂತಿದ್ದರು. ಗುರುಬಾಯಿ ಮೊಣಕಾಲು ನೋವೆಂದು ಬಂದಿರಲಿಲ್ಲ. ಶಾಲು ಬಂತು, ಹಣ್ಣಿನ ಬುಟ್ಟಿ ಬಂತು, ನಿಂತ ಆನೆಯನ್ನು ಕೂರಿಸುವಷ್ಟು ಭಾರದ ಹಾರ ಬಂತು. ಬಂಡೆಪ್ಪನವರು ಮೈಕು ಹಿಡಿದು ತಮ್ಮ ಇರುವೆಯ ಮಾತು ಹೇಳಿದರು. ಚಪ್ಪಾಳೆ ಬಿತ್ತು.

ಆಗ ಹಿಂದಿನ ಸಾಲಿನಿಂದ ಬಿಳಿ ಟೋಪಿಯ ಒಬ್ಬ ಮುದುಕ ಎದ್ದು, ಯಾರೂ ಕರೆಯದಿದ್ದರೂ ವೇದಿಕೆ ಹತ್ತಿದ. ಅವನು ಸಂಗಣ್ಣ. ನಾಲ್ಕು ವರ್ಷವೂ ಬಂಡೆಪ್ಪನವರ ಕೋಣೆಯ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತಿದ್ದ ಜವಾನ. ಬಂಡೆಪ್ಪನವರು ಎದ್ದು ಅವನ ಕೈ ಹಿಡಿದು ಮೈಕಿನ ಮುಂದೆ ನಿಲ್ಲಿಸಿದರು.

“ನಮ್ಮ ಸಾಹೇಬ್ರು ಹೇಳಿದ್ದು ಕಮ್ಮಿ ಆತರಿ,” ಸಂಗಣ್ಣ ಶುರು ಮಾಡಿದ. “ಇರುವಿ ಕಥಿ ಬಿಡ್ರಿ. ಇವರ ಒಡಹುಟ್ಟಿದ ತಂಗಿನ ಬಂದಿದ್ರು. ಆಜಿಬಾತ್ ಒಳಗ ಬಿಡಲಿಲ್ಲ ನಾವು, ಒಟ್ಟ ಬಿಡಲಿಲ್ಲ.”

ಸಭೆ ಕಿವಿ ನಿಮಿರಿಸಿತು. ಬಂಡೆಪ್ಪನವರ ಮುಖದ ಮೇಲಿನ ನಗು ಇದ್ದಲ್ಲೇ ಇತ್ತು, ಆದರೆ ಅದರೊಳಗಿನ ಮನುಷ್ಯ ಹೊರಟುಹೋಗಿದ್ದ.

“ಹದಿನೇಳನೇ ಇಸವಿ, ಮಾರ್ಚ್ ತಿಂಗಳು. ಒಂದು ಹೆಣ್ಣುಮಗಳು ಮೂರು ದಿನ ಬಂದು ಬೆಂಚಿನ ಮ್ಯಾಲೆ ಕುಂತರು. ಯಾರವ್ವಾ ಅಂದೆ. ಸಾಹೇಬ್ರ ತಂಗಿ ಅಂದ್ರು. ನಾ ಅಂದೆ, ತಾಯಿ, ಬಳಗದವರು, ರಿಷ್ತೇದಾರ್ ಯಾರೇ ಬರಲಿ, ಒಳಗ ಬಿಡಬ್ಯಾಡ, ಚೀಟಿನೂ ತರಬ್ಯಾಡ ಅಂತ ಸಾಹೇಬ್ರ ಆರ್ಡರ್ ಐತಿ. ಜಗಳಾ ಮಾಡಲಿಲ್ಲರಿ ಆಕಿ. ಡಬ್ಬಿ ಬಿಚ್ಚಿ ನನಗೊಂದು ರೊಟ್ಟಿ ಕೊಟ್ಟು ತಾನೊಂದು ತಿಂದಳು. ಮೂರನೇ ದಿನ ಹೋಗೂಮುಂದ, ‘ನಾ ಬಂದಿದ್ದೆ ಅಂತ ಅಣ್ಣಗ ಹೇಳಬ್ಯಾಡ್ರಿ, ಅವನ ಹೆಸರು ಕೆಡತೈತಿ’ ಅಂದ್ಲು. ಇವತ್ತಿನತನಾ ಹೇಳಿಲ್ಲ ನಾನು. ಇಂಥಾ ಸಾಹೇಬ್ರು ಎಲ್ಲಿ ಸಿಗ್ತಾರ ಹೇಳ್ರಿ.”

ಆ ದಿನದ ಅತಿ ದೊಡ್ಡ ಚಪ್ಪಾಳೆ ಆಗ ಬಿತ್ತು. ಎರಡನೆಯ ಸಾಲಿನಲ್ಲಿದ್ದ ಒಬ್ಬರು ಕಣ್ಣೊರೆಸಿಕೊಂಡರು. ಸಂಗಣ್ಣ ಬಗ್ಗಿ ಸಾಹೇಬರ ಕಾಲು ಮುಟ್ಟಿದ. ಬಂಡೆಪ್ಪನವರು ಅವನನ್ನು ಎಬ್ಬಿಸಲೂ ಇಲ್ಲ.

ಆಟೋದಲ್ಲಿ ಮನೆಗೆ ಬರುವಾಗ ಉಮಾಬಾಯಿ ಹಾರವನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದರು. “ನಿಮಗ ಗೊತ್ತಿರಲಿಲ್ಲೇನು?” ಎಂದು ಕೇಳಿದರು.

“ನಿನಗ ಗೊತ್ತಿತ್ತೇನು?”

“ನನಗ ಹ್ಯಾಂಗ ಗೊತ್ತಿರಬೇಕು. ನನ್ನ ತವರಮನಿಯವರು ನಿಮ್ಮ ಆಫೀಸಿದ್ದ ರಸ್ತಾನ ಬಿಟ್ಟಿದ್ದರು.”

ಬಂಡೆಪ್ಪನವರ ತಲೆಯಲ್ಲಿ ಒಂದು ಆಸ್ಪತ್ರೆಯ ಹಾಸಿಗೆ ಬಂದು ನಿಂತಿತ್ತು.

ಆ ಹದಿನೇಳನೇ ಇಸವಿಯ ಮೊದಲಿಗೇ ಮಲ್ಲಪ್ಪನ ಹೃದಯದ ಕವಾಟ ಕೆಟ್ಟಿತ್ತು. ಬದಲಿಸಬೇಕು, ಒಂದೆರಡು ತಿಂಗಳು ತಡೆಯಬಹುದು, ಅದಕ್ಕಿಂತ ಹೆಚ್ಚು ಬೇಡ ಎಂದು ಡಾಕ್ಟರು ಹೇಳಿದ್ದರು. ಬಂಡೆಪ್ಪನವರು ಮೂಸಂಬಿ ಹಿಡಿದುಕೊಂಡು ಹೋಗಿ, ರೊಕ್ಕ ಬೇಕೇನು ಎಂದು ಕೇಳಿದ್ದರು. “ಸರ್ಕಾರದ ನೌಕರ ಇದ್ದೀನ್ರಿ ಮಾವಾರ, ಸರ್ಕಾರ ಮುಂಗಡ ಕೊಡತೈತಿ” ಅಂದಿದ್ದ ಮಲ್ಲಪ್ಪ. ಮಾರ್ಚ್ ಬಂದರೂ ಮುಂಗಡ ಬಾರದಾಗ ಬಂಡೆಪ್ಪನವರಿಗೆ ಸಿಟ್ಟು ಬಂದಿತ್ತು. ಯಾವ ದರಿದ್ರ ಆಫೀಸಿನಲ್ಲಿ ಕೂತಿದೆ ಅದು ಎಂದು ಕೇಳಿದ್ದರು.

ಮಲ್ಲಪ್ಪ ನಕ್ಕಿದ್ದ. “ಯಾರೋ ಒಬ್ಬ ಭಾಳ ಪ್ರಾಮಾಣಿಕ ಮನಶ್ಯಾನ ಮೇಜಿನ ಮ್ಯಾಲೆ ಐತಂತರಿ.”

“ಹಂಗಾರ ಮುಗೀತು ಬಿಡು,” ಬಂಡೆಪ್ಪನವರೂ ನಕ್ಕಿದ್ದರು. “ಅಂಥಾವರ ಕೈಯಾಗ ಸಿಕ್ಕರ ದೇವರ ಕಡತನೂ ಕದಲೂದಿಲ್ಲ.”

ಎಂಟು ವರ್ಷದಲ್ಲಿ ಈ ಮಾತು ಅವರಿಗೆ ಹತ್ತಾರು ಸಲ ನೆನಪಾಗಿತ್ತು. ಮಲ್ಲಪ್ಪನ ತಮಾಷೆಯ ಸ್ವಭಾವಕ್ಕೆ ಉದಾಹರಣೆಯಾಗಿ ಮಂದಿಗೆ ಹೇಳಿಯೂ ಇದ್ದರು.

ಆ ಕಡತ ತಮ್ಮ ಮೇಜಿಗೆ ಬಂದಿರಬಹುದೆಂದು ಅವರಿಗೆ ಹೊಳೆಯಲಿಲ್ಲ ಏಕೆ ಎಂದು ಯಾರಾದರೂ ಕೇಳಬಹುದು. ಕಡತಗಳು ಅಲ್ಲಿಗೆ ಹೆಸರು ಹೊತ್ತು ಬರುತ್ತಿರಲಿಲ್ಲ, ಸಂಖ್ಯೆ ಹೊತ್ತು ಬರುತ್ತಿದ್ದವು. ಒಳಗೆ ಅರ್ಜಿಯಲ್ಲಿ ಹೆಸರಿರುತ್ತಿತ್ತು. ಬಂಡೆಪ್ಪನವರು ನೋಡುತ್ತಿದ್ದದ್ದು ಹೆಸರನ್ನಲ್ಲ, ಕೊರತೆಯನ್ನು.

ಇಲ್ಲಿ ಆ ಕೋಣೆಯ ಒಂದು ಕಸುಬುದಾರಿಕೆಯನ್ನು ಹೇಳಲೇಬೇಕು. ಒಂದು ಕಡತದಲ್ಲಿ ಮೂರು ಕೊರತೆ ಕಂಡರೆ ಮೂರನ್ನೂ ಒಂದೇ ಸಲ ಬರೆದು ಕೇಳುವವನು ಹೊಸಬ. ಪಳಗಿದವನು ಒಂದನ್ನು ಮಾತ್ರ ಕೇಳಿ ವಾಪಸು ಕಳಿಸುತ್ತಾನೆ. ಅದು ಉತ್ತರ ಹೊತ್ತು ಹದಿನೈದು ದಿನಕ್ಕೆ ಬಂದಾಗ ಎರಡನೆಯದನ್ನು ಕೇಳುತ್ತಾನೆ. ಮತ್ತೆ ಹದಿನೈದು ದಿನ. ಹೀಗೆ ಮಾರ್ಚ್ ಮೂವತ್ತೊಂದು ದಾಟಿಸಿಬಿಟ್ಟರೆ ಆ ವರ್ಷದ ಹಣ ತಿಜೋರಿಯಲ್ಲೇ ಉಳಿಯುತ್ತದೆ. ಹೀಗೆ ಮಾಡು ಎಂದು ಯಾವ ಕಾಯ್ದೆಯೂ ಹೇಳಿರಲಿಲ್ಲ. ಇದು ಬರಿಯ ಜಾಣತನ, ಮತ್ತು ಬಂಡೆಪ್ಪನವರಷ್ಟು ನಯವಾಗಿ ಇದನ್ನು ಮಾಡುವವರು ಕಾಶಿಯಿಂದ ಕನ್ಯಾಕುಮಾರಿಯವರೆಗೆ ಇರಲಿಲ್ಲ. ಆ ವರ್ಷ ನಲವತ್ತೊಂದು ವೈದ್ಯಕೀಯ ಮುಂಗಡದ ಕಡತಗಳನ್ನು ಅವರು ಹೀಗೆ ಮಾರ್ಚ್ ದಾಟಿಸಿದರು. ಮೇಲಿನವರಿಂದ ಮೆಚ್ಚುಗೆಯ ಪತ್ರ ಬಂತು. ಏಪ್ರಿಲ್ ಎರಡರಂದು ಆ ಸಂತೋಷಕ್ಕೆ ಅರ್ಧ ಕಿಲೋ ಧಾರವಾಡ ಪೇಡೆ ತೆಗೆದುಕೊಂಡು ಅವರು ಆಸ್ಪತ್ರೆಗೆ ಹೋಗಿದ್ದರು. ಮಲ್ಲಪ್ಪ ಅರ್ಧ ಪೇಡೆ ತಿಂದ, ಉಳಿದರ್ಧ ಹೆಂಡತಿಗೆ ಕೊಟ್ಟ. ಆರನೆಯ ತಾರೀಖು ತೀರಿಕೊಂಡ.

ಸೋಮವಾರ ಬೆಳಿಗ್ಗೆ ಬಂಡೆಪ್ಪನವರು ಎರಡು ಬಸ್ಸು ಬದಲಿಸಿ ಜೀಡಿಮೆಟ್ಲಾಕ್ಕೆ ಹೋದರು. ಗುರುಬಾಯಿ ಚಟ್ನಿಪುಡಿಗೆ ಶೇಂಗಾ ಹುರಿಯುತ್ತಿದ್ದಳು.

“ಬಾ ಅಣ್ಣಾ. ಶಾಲು ಹೊದ್ದುಕೊಂಡು ಬರ್ತಿ ಅನ್ಕೊಂಡಿದ್ದೆ,” ಅಂದಳು. “ಹಾರ ಎಲ್ಲೈತಿ?”

“ಉಮಾ ಆಕಳಿಗೆ ಹಾಕಿದಳು. ನೀ ನನ್ನ ಆಫೀಸಿಗೆ ಬಂದಿದ್ದಿಯಂತ.”

ಗುರುಬಾಯಿಯ ಕೈಯ ಸೌಟು ನಿಂತಿತು. “ಯಾರು ಹೇಳಿದ್ರು?”

“ಸಂಗಣ್ಣ. ಮೈಕಿನ್ಯಾಗ.”

“ಹೇಳಬ್ಯಾಡ ಅಂದಿದ್ದೆ ಅವಗ,” ಎಂದು ಮತ್ತೆ ಸೌಟು ಆಡಿಸಿದಳು. “ಎಂಟು ವರ್ಷ ತಡಕೊಂಡಾನಲ್ಲ, ಪಾಪ. ಅವನ ಹೊಟ್ಟಿ ಎಷ್ಟು ಉಬ್ಬಿರಬೇಕು.”

“ಬಾಗಿಲಾ ಒದ್ದು ಒಳಗ ಬರಬೇಕಿಲ್ಲೇನು?”

“ಬರಬ್ಯಾಡ ಅಂದಾಂವ ನೀನ ಅಲ್ಲೇನು? ವಾಪಸ್ ಬಂದ ಕಾಗದದ ಮ್ಯಾಲೆ ನಿನ್ನ ಸಹಿ ನೋಡಿ ಬಂದಿದ್ದೆ. ನಾ ಬಂದು ಕುಂತಿದ್ದು ನಮ್ಮ ಮನಿಯವರಿಗೂ ಹೇಳಿದ್ದಿಲ್ಲ. ಮೂರನೇ ದಿನ ಗೊತ್ತಾತು, ಬೈದ್ರು. ‘ನಿಮ್ಮಣ್ಣ ನಮ್ಮ ಹೆಸರು ನೋಡಿನೂ ಕಾಯ್ದೆ ಬಿಡಲಾರದ ಕುಂತಾನ. ಅವಗ ಎಷ್ಟು ಸಂಕಟ ಆಗಾಕತ್ತಿರಬೇಕು. ನೀ ಹೋಗಿ ಎದುರಿಗೆ ನಿಂತರ ಇನ್ನಷ್ಟು ಆಗತೈತಿ’ ಅಂದ್ರು. ನಿನ್ನ ಸಲುವಾಗಿ ಭಾಳ ಮರಗತಿದ್ರು ಅವರು.”

ಬಂಡೆಪ್ಪನವರು ಗೋಡೆ ಹಿಡಿದು ಕೂತರು. ಸಾಯುತ್ತಿದ್ದ ಮನುಷ್ಯ ತಮ್ಮನ್ನು ಬೈದಿದ್ದರೆ ಸುಖವಿತ್ತು. ಅವನು ಮರುಗಿದ್ದ.

“ನಾ ಹೆಸರು ನೋಡಿದ್ದಿಲ್ಲ ಗುರುಬಾಯಿ. ನನಗ ಗೊತ್ತ ಇರಲಿಲ್ಲ.”

ಗುರುಬಾಯಿ ಅಣ್ಣನ ಮುಖ ನೋಡಿದಳು. “ಗೊತ್ತಿರಲಿಲ್ಲ ಅಂದ್ರ ಚಲೋನ ಆತು,” ಅಂದಳು. “ನೀ ಸಂಕಟ ಪಟ್ಟಿಲ್ಲಲ್ಲ, ಅಷ್ಟ ಸಾಕು. ತಪ್ಪು ನಿಂದಲ್ಲ, ನಂದು.”

“ನಿಂದೇನು ತಪ್ಪು?”

“ಅರ್ಜಿ ಬರದಾಕಿ ನಾನ ಅಲ್ಲೇನು. ಅವರಿಗೆ ಕೈ ನಡಗತಿದ್ದವು. ಇಂಗ್ಲಿಷ್ ಅರ್ಜಿ. ಒಂದೊಂದ ಅಕ್ಷರ ನೋಡಿ ನೋಡಿ ಇಳಿಸಿದೆ. ಮೂರು ಸಲ ವಾಪಸ್ ಬಂತು. ಮೂರು ಸಲ ಏನೋ ತಪ್ಪು ಮಾಡಿರಬೇಕು ನಾ. ಹತ್ತನೇತ್ತಾ ಕಲ್ತಾಕಿ, ಅಂಥಾದಕ್ಕ ಕೈ ಹಾಕಬಾರದಿತ್ತು. ಓದಿದವರ ಕಡೆ ಬರಸಿದ್ರ ಇವತ್ತು ಅವರು ಇರ್ತಿದ್ರು.”

ಬಂಡೆಪ್ಪನವರಿಗೆ ಆಗ ಇನ್ನೊಂದು ತಿಳಿಯಿತು. ಗಂಡ ಸತ್ತ ಮೇಲೆ ಗುರುಬಾಯಿ ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತುತ್ತಿದ್ದಳು. ಓದು ಬರಹ ಬಲ್ಲ ತಂಗಿ ಹೆಬ್ಬೆಟ್ಟು ಒತ್ತುವುದನ್ನು ಕಂಡು ಅವರು ಬ್ಯಾಂಕಿನವರೆದುರೇ ಗೇಲಿ ಮಾಡಿದ್ದರು. ಕಣ್ಣು ಮಂಜಾಗಿದೆ ಎಂದು ಆಕೆ ಹೇಳಿದ್ದಳು. ಮೂವತ್ತೇಳು ವರ್ಷ ಮಂದಿಯ ಸಹಿ ಓದಿದವರು ಅದನ್ನು ನಂಬಿದ್ದರು. ಗ್ಯಾಸಿನ ಚೀಟಿಯನ್ನೂ ನೆರೆಮನೆಯವರಿಂದ ಬರೆಸುತ್ತಿದ್ದಳು. ಎಂಟು ವರ್ಷದಿಂದ ಈ ಹೆಣ್ಣುಮಗಳು ಪೆನ್ನು ಮುಟ್ಟಿರಲಿಲ್ಲ.

ಅಲ್ಲಿಗೆ ಎದ್ದು ಬಂದುಬಿಡಬಹುದಿತ್ತು. ಗೊತ್ತಿರಲಿಲ್ಲ ಎಂಬ ಒಂದು ಮಾತಿಗೆ ತಂಗಿ ಅವರನ್ನು ಬಿಟ್ಟುಕೊಟ್ಟಿದ್ದಳು. ಆ ಅರ್ಜಿಗೆ ಬೇಕೆಂದೇ ಒಂದೊಂದೇ ಪ್ರಶ್ನೆ ಕೇಳಿದ್ದು ಅವರ ಹೊರತು ಈ ಭೂಮಿಯ ಮೇಲೆ ಯಾರಿಗೂ ಗೊತ್ತಿರಲಿಲ್ಲ, ಸಂಗಣ್ಣನಿಗೂ. ಹೇಳಿದರೆ ಉಳಿದಿರುವ ಒಬ್ಬಳೇ ಒಡಹುಟ್ಟಿದವಳು ದೂರವಾಗುತ್ತಾಳೆ. ಹೇಳದಿದ್ದರೆ ಅವಳು ಗಂಡನನ್ನು ತಾನೇ ಕೊಂದೆನೆಂದುಕೊಂಡು ಇನ್ನೂ ಇಪ್ಪತ್ತು ವರ್ಷ ಹೆಬ್ಬೆಟ್ಟು ಒತ್ತುತ್ತಾಳೆ. ಬಂಡೆಪ್ಪನವರು ಪಕ್ಕದಲ್ಲಿದ್ದ ಲೋಟದ ನೀರು ಕುಡಿದರು. ಆ ಒಂದು ಲೋಟ ನೀರು ಕುಡಿಯಲು ಅವರಿಗೆ ಹಿಡಿದಷ್ಟು ಹೊತ್ತಿನಲ್ಲಿ ಹುಸೇನ್ ಸಾಗರವನ್ನೇ ಖಾಲಿ ಮಾಡಬಹುದಿತ್ತು.

“ಆ ಅರ್ಜಿ ನನಗ ನೆನಪೈತಿ,” ಅಂದರು. “ಹೆಸರು ನೆನಪಿಲ್ಲ. ಅಕ್ಷರ ನೆನಪೈತಿ. ದುಂಡಗ, ಒಂದೊಂದೂ ಬ್ಯಾರೆ ಬ್ಯಾರೆ. ಯಾರೋ ಮಾಸ್ತರು ಬರದಿರಬೇಕು ಅನ್ಕೊಂಡೆ. ಅದರಾಗ ಹುಡುಕಿದ್ರೂ ತಪ್ಪು ಸಿಗಲಿಲ್ಲ ನನಗ.”

“ಮತ್ತ ವಾಪಸ್ ಯಾಕ ಬಂತು?”

ಅವರು ಹೇಳಿದರು. ಮಾರ್ಚಿನ ವಿಷಯ, ಒಂದೊಂದೇ ಪ್ರಶ್ನೆಯ ವಿಷಯ, ನಲವತ್ತೊಂದರ ವಿಷಯ. ಬ್ಯಾಂಕಿನಲ್ಲಿ ಹಳ್ಳಿಯವರಿಗೆ ಚಲನ್ ತುಂಬುವುದು ತಿಳಿಸುತ್ತಿದ್ದರಲ್ಲ, ಹಾಗೆ, ಒಂದು ಪದವೂ ಬಿಡದಂತೆ ಬಿಡಿಸಿ ಹೇಳಿದರು. ಶೇಂಗಾ ಸೀದು ಹೊಗೆಯಾಡಿತು. ಗುರುಬಾಯಿ ಒಲೆ ಆರಿಸಿದಳು.

“ಮೂರೂ ಒಂದ ದಿನ ಕೇಳಬಹುದಿತ್ತು?”

“ಕೇಳಬಹುದಿತ್ತು.”

“ಕೇಳಿದ್ರ?”

“ಫೆಬ್ರುವರಿ ಮುಗಿಯೂದರಾಗ ರೊಕ್ಕ ಬರ್ತಿತ್ತು.”

“ಆ ಮೂರರಾಗ ನನ್ನ ತಪ್ಪು ಯಾವುದು?”

“ಯಾವುದೂ ಅಲ್ಲ. ಎರಡು ಅವರ ಆಫೀಸಿನವರು ಹಚ್ಚಬೇಕಾದ ಕಾಗದ. ಮೂರನೇದು ಬೇಕಾಗಿದ್ದಿಲ್ಲ. ಮಾರ್ಚ್ ದಾಟಲಿ ಅಂತ ನಾ ಹುಟ್ಟಿಸಿದ್ದು.”

ಗುರುಬಾಯಿ ಬಾಣಲೆಯನ್ನು ಕೆಳಗಿಳಿಸಿದಳು. ಕರಿಕಾದ ಶೇಂಗಾ ಬೀಜಗಳನ್ನು ಒಂದೊಂದಾಗಿ ಆರಿಸಿ ಬದಿಗಿಡತೊಡಗಿದಳು.

“ಆ ಪೇಡೆ,” ಅಂದಳು ಕೊನೆಗೆ. “ಅದು ಇದಕ್ಕ ತಂದಿದ್ದೇನು?”

ಬಂಡೆಪ್ಪನವರು ಹೌದೆಂದು ತಲೆಯಾಡಿಸಿದರು.

“ಅವರು ಕಡೇಕ ತಿಂದದ್ದು ಅದು. ಆಮ್ಯಾಲೆ ಬರೇ ನೀರು.”

ಎಂಟು ವರ್ಷ ಅಳದೆ ಇದ್ದವಳೇನಲ್ಲ ಗುರುಬಾಯಿ. ಆದರೆ ಈಗ ಅಳಲಿಲ್ಲ. ಎದ್ದು ಹೋಗಿ ಮುಂಬಾಗಿಲನ್ನು ಪೂರ್ತಿ ತೆರೆದು, ಅದನ್ನು ಹಿಡಿದುಕೊಂಡು ನಿಂತಳು. ಮೊಣಕಾಲು ನೋವಿನವಳು, ಗೋಡೆಗೆ ಕೈ ಕೊಡದೆ ನಿಂತಳು.

“ಹೋಗು,” ಅಂದಳು.

ಬಂಡೆಪ್ಪನವರು ಎದ್ದರು. ಹೊರಗೆ ಮೆಟ್ಟಿಲ ಮೇಲೆ ಕೂತು ಚಪ್ಪಲಿ ಹಾಕಿಕೊಳ್ಳತೊಡಗಿದರು. ಎಡಗಾಲಿನ ಬಕಲ್ಲು ಅವರ ಕೈಗೆ ಹತ್ತಲಿಲ್ಲ. ಮೂರು ಸಲ ಪ್ರಯತ್ನಿಸಿದರು. ಬೇರೆ ದಿನವಾಗಿದ್ದರೆ ಗುರುಬಾಯಿ ಬಗ್ಗಿ ಹಾಕಿಕೊಡುತ್ತಿದ್ದಳು. ಇಂದು ಅವರ ತಲೆಯ ಮೇಲಿಂದ ಬೀದಿ ನೋಡುತ್ತ ನಿಂತಿದ್ದಳು. ಅವರು ಬಕಲ್ಲನ್ನು ಹಾಗೇ ಬಿಟ್ಟು ಎದ್ದರು.

“ಇಷ್ಟು ವರ್ಷ ಮುಚ್ಚಿದ ಬಾಯಿ ಇವತ್ತೂ ಮುಚ್ಚಿಕೊಂಡಿದ್ರ,” ಗುರುಬಾಯಿ ಅಂದಳು, “ನನಗ ಒಬ್ಬ ಅಣ್ಣರ ಉಳೀತಿದ್ದ.”

“ಅಂಥಾ ಅಣ್ಣ ಉಳದು ಏನು ಮಾಡಾಂವಿದ್ದ ಬಿಡು,” ಅಂದರು ಬಂಡೆಪ್ಪನವರು. “ಅರ್ಜಿ ಮಾತ್ರ ನೀ ಒಂದೂ ತಪ್ಪಿಲ್ಲದಂಗ ಬರದಿದ್ದಿ, ಗುರುಬಾಯಿ.”